ಶೋರೂಮ್‌ನಲ್ಲಿ ಕಾರ್ ಲೋನ್: ಸಹಿ ಹಾಕುವ ಮುನ್ನ ಹಂತ ಹಂತವಾಗಿ ಏನು ಮಾಡಬೇಕು

ಶೋರೂಮ್‌ನಲ್ಲಿ ಕಾರು ಇಷ್ಟವಾಯಿತು ಅಂತ ಗೊತ್ತಾದ ಕೂಡಲೇ ಸೇಲ್ಸ್‌ನವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ತಿಂಗಳಿಗೆ ಎಷ್ಟು ಇಎಂಐ ಕಟ್ಟಬಹುದು?" ಈ ಪ್ರಶ್ನೆಗೆ ಉತ್ತರ ಕೊಡಬೇಡಿ. "ಹದಿನೈದು ಸಾವಿರ" ಅಂದುಬಿಟ್ಟರೆ, ಮುಂದಿನ ಮಾತೆಲ್ಲ ಆ ಹದಿನೈದು ಸಾವಿರದ ಸುತ್ತಲೇ ನಡೆಯುತ್ತದೆ. ಕಾರಿಗೆ ಎಷ್ಟು ಕೊಡ್ತಾ ಇದ್ದೀರಿ, ಬಡ್ಡಿ ಎಷ್ಟು, ಇನ್ಶೂರೆನ್ಸ್ ಎಷ್ಟು ಅನ್ನುವುದು ಮರೆತೇ ಹೋಗುತ್ತದೆ. ಬೆಲೆ ಜಾಸ್ತಿಯಾದರೆ ಅವಧಿ ಉದ್ದ ಮಾಡಿದರಾಯಿತು, ಇಎಂಐ ಮಾತ್ರ ನೀವು ಹೇಳಿದಷ್ಟೇ ಇರುತ್ತದೆ.

ಶೋರೂಮ್ ಮೂಲಕ ಮಾಡಿಸುವ ಲೋನ್ ಕೆಟ್ಟದ್ದಲ್ಲ. ಓಡಾಟ ಕಡಿಮೆ, ಕೆಲಸ ಬೇಗ ಆಗುತ್ತದೆ, ಕೆಲವು ಸಲ ರೇಟು ಕೂಡ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಒಂದೇ ಟೇಬಲ್ ಮೇಲೆ ಮೂರು ವ್ಯಾಪಾರ ನಡೆಯುತ್ತವೆ: ಕಾರು, ಸಾಲ, ಇನ್ಶೂರೆನ್ಸ್. ಮೂರರಲ್ಲೂ ಡೀಲರ್‌ಗೆ ಆದಾಯ ಇದೆ. ನಿಮ್ಮ ಲೋನ್ ತಂದುಕೊಟ್ಟದ್ದಕ್ಕೆ ಬ್ಯಾಂಕಿನಿಂದ ಕಮಿಷನ್ ಬರುತ್ತದೆ, ಇನ್ಶೂರೆನ್ಸ್ ಮಾರಿದ್ದಕ್ಕೂ ಬರುತ್ತದೆ. ಅದು ಅವರ ವ್ಯಾಪಾರ, ತಪ್ಪೇನಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಮೂರನ್ನೂ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಹೊರಗಿನ ಒಂದು ಕೊಟೇಶನ್ ಕೈಯಲ್ಲಿ ಇಟ್ಟುಕೊಂಡು ಮಾತಾಡಿ. ಕರ್ನಾಟಕದಲ್ಲಿ ಸ್ವಂತ ಬಳಕೆಗೆ ವೈಟ್ ಬೋರ್ಡ್ ಕಾರು ತೆಗೆದುಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ.

ಹಂತ 1: ಶೋರೂಮ್‌ಗಿಂತ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ

ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ರೇಟಿನ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಎಂದೋ ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಅದನ್ನು ಈಗಲೇ ಸರಿ ಮಾಡಿಸಿ. ಶೋರೂಮ್‌ನಲ್ಲಿ ಕುಳಿತ ಮೇಲೆ ಅದಕ್ಕೆ ಸಮಯ ಇರುವುದಿಲ್ಲ.

ಆಮೇಲೆ ಸಂಬಳ ಬರುವ ಬ್ಯಾಂಕಿನಲ್ಲಿ ಕಾರ್ ಲೋನ್ ಕೇಳಿ. ಸಾಧ್ಯವಾದರೆ ಇನ್ನೊಂದು ಬ್ಯಾಂಕಿನಲ್ಲೂ ಕೇಳಿ. ಊರಿನ ಗ್ರಾಮೀಣ ಬ್ಯಾಂಕು, ಪತ್ತಿನ ಸಹಕಾರಿ ಸಂಘ ಇವುಗಳನ್ನೂ ಬಿಡಬೇಡಿ. ಪಾನ್, ಆಧಾರ್, ಮೂರು ತಿಂಗಳ ಪೇ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಇದ್ದರೆ ಸಂಬಳದವರಿಗೆ ಸಾಮಾನ್ಯವಾಗಿ ಸಾಕು. ಸ್ವಂತ ವ್ಯಾಪಾರ ಇದ್ದವರಿಂದ ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ, ಕೃಷಿಕರಿಂದ ಪಹಣಿ ಕೇಳುತ್ತಾರೆ. ಬಾಡಿಗೆ ಮನೆಯಾದರೆ ಕರಾರು ಪತ್ರ ಇರಲಿ.

ಎಷ್ಟು ಸಾಲ, ಎಷ್ಟು ಬಡ್ಡಿ ಅಂತ ಬರೆದ ಸ್ಯಾಂಕ್ಷನ್ ಪತ್ರ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಶೋರೂಮ್‌ನವರು ಅದಕ್ಕಿಂತ ಕಡಿಮೆಗೆ ಕೊಟ್ಟರೆ ಅವರಲ್ಲೇ ಮಾಡಿಸಿ. ಕೊಡದಿದ್ದರೆ ನಿಮ್ಮ ಬ್ಯಾಂಕ್ ಇದ್ದೇ ಇದೆ.

ಹಂತ 2: ಆನ್ ರೋಡ್ ಬೆಲೆಯನ್ನು ಬಿಡಿಸಿ ಬರೆಸಿಕೊಳ್ಳಿ

"ಆನ್ ರೋಡ್ ಹನ್ನೊಂದೂವರೆ ಆಗುತ್ತೆ ಸರ್" ಅಂತ ಬಾಯಲ್ಲಿ ಹೇಳಿದ್ದನ್ನು ಒಪ್ಪಬೇಡಿ. ಒಂದೊಂದು ಸಾಲಾಗಿ ಬರೆದ, ಸೀಲ್ ಹಾಕಿದ ಕೊಟೇಶನ್ ತೆಗೆದುಕೊಳ್ಳಿ. ಅದರಲ್ಲಿ ಎಕ್ಸ್ ಶೋರೂಮ್ ಬೆಲೆ, ಆಜೀವ ತೆರಿಗೆ, ನೋಂದಣಿ ಶುಲ್ಕ, ಇನ್ಶೂರೆನ್ಸ್, ಫಾಸ್ಟ್ಯಾಗ್ ಇರಬೇಕು. ಬೆಲೆ 10 ಲಕ್ಷ ದಾಟಿದರೆ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಡೀಲರ್ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಸೇರುತ್ತದೆ. ಈ ಟಿಸಿಎಸ್ ನಿಮ್ಮದೇ ಹಣ. ಐಟಿ ರಿಟರ್ನ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ವಾಪಸ್ ಬರುತ್ತದೆ, ಬಿಡಬೇಡಿ.

ತೆರಿಗೆ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಕರ್ನಾಟಕದಲ್ಲಿ ಆಜೀವ ತೆರಿಗೆ ಜಾಸ್ತಿ, ಮತ್ತು ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಬಂದ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹಾಗಾಗಿ 9,50,000 ರೂಪಾಯಿಯ ಕಾರಿಗೆ ತೆರಿಗೆ 1,33,000, ಸೆಸ್ 14,630, ಒಟ್ಟು 1,47,630. ಅದೇ ಕಾರಿನ ಮೇಲಿನ ವೇರಿಯೆಂಟ್ 10,50,000 ಇದ್ದರೆ ತೆರಿಗೆ, ಸೆಸ್ ಸೇರಿ 1,98,135. ಅದರ ಮೇಲೆ 10,500 ಟಿಸಿಎಸ್. ಬೆಲೆ ಒಂದು ಲಕ್ಷ ಏರಿದ್ದಕ್ಕೆ ತೆರಿಗೆಯೇ 50 ಸಾವಿರ ಜಾಸ್ತಿಯಾಯಿತು. "ಇನ್ನೊಂದು ಲಕ್ಷ ಹಾಕಿದರೆ ಸನ್‌ರೂಫ್ ಬರುತ್ತೆ" ಅಂತ ಹೇಳಿದಾಗ ಈ ಲೆಕ್ಕ ನೆನಪಿರಲಿ. ಸರ್ಕಾರ ದರ ಬದಲಿಸುವುದುಂಟು, ಬುಕ್ ಮಾಡುವ ದಿನ ಪರಿವಾಹನ್ ಪೋರ್ಟಲ್‌ನಲ್ಲೋ ಆರ್‌ಟಿಒ ಕಚೇರಿಯಲ್ಲೋ ಒಮ್ಮೆ ಖಚಿತ ಮಾಡಿಕೊಳ್ಳಿ.

ಇವೆಲ್ಲ ಆದ ಮೇಲೆ ಕೊಟೇಶನ್ನಿನ ಕೆಳಗಡೆ ಕೆಲವು ಸಣ್ಣ ಸಾಲುಗಳು ಇರುತ್ತವೆ. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಎಸೆನ್ಷಿಯಲ್ ಕಿಟ್, ಟೆಫ್ಲಾನ್ ಕೋಟಿಂಗ್, ಹೀಗೆ. ಕಾರನ್ನು ಶೋರೂಮ್‌ವರೆಗೆ ತರುವ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿದೆ. ಹ್ಯಾಂಡ್ಲಿಂಗ್ ಚಾರ್ಜ್ ಯಾವ ಕೆಲಸಕ್ಕೆ ಅಂತ ಬರೆದುಕೊಡಿ ಎಂದು ಕೇಳಿ, ತೆಗೆಸಿ. ಆಕ್ಸೆಸರಿ ಬೇಕಾದರೆ ನಿಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳಿ. ಇವುಗಳನ್ನು ಲೋನಿಗೆ ಸೇರಿಸುವುದಂತೂ ಬೇಡ. 30 ಸಾವಿರದ ಕೋಟಿಂಗನ್ನು ಶೇ 9ರ ಬಡ್ಡಿಗೆ ಐದು ವರ್ಷದ ಲೋನಿನಲ್ಲಿ ಸೇರಿಸಿದರೆ ಅದು 37 ಸಾವಿರ ದಾಟುತ್ತದೆ.

ಹಂತ 3: ಮೊದಲು ಕಾರಿನ ಬೆಲೆ, ಆಮೇಲೆ ಲೋನಿನ ಮಾತು

ಒಂದೇ ಕಂಪನಿಯ ಎರಡು ಡೀಲರ್‌ಗಳ ಹತ್ತಿರ ಅದೇ ವೇರಿಯೆಂಟ್, ಅದೇ ಬಣ್ಣಕ್ಕೆ ಕೊಟೇಶನ್ ತೆಗೆದುಕೊಳ್ಳಿ. ಹುಬ್ಬಳ್ಳಿಯವರು ಧಾರವಾಡದಲ್ಲಿ, ಹಾಸನದವರು ಮೈಸೂರಿನಲ್ಲಿ ಕೇಳಬಹುದು. ಕ್ಯಾಶ್ ಡಿಸ್ಕೌಂಟ್, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಡಿಸ್ಕೌಂಟ್ ಬೇರೆ ಬೇರೆಯಾಗಿ ಬರೆಯಲಿ. ಸರ್ಕಾರಿ ನೌಕರರಿಗೆ, ಶಿಕ್ಷಕರಿಗೆ ಕಾರ್ಪೊರೇಟ್ ಡಿಸ್ಕೌಂಟ್ ಇದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಬೇಕು.

ಈ ಹೊತ್ತಿನಲ್ಲಿ "ಲೋನ್ ಎಲ್ಲಿ ಮಾಡಿಸ್ತೀರಾ?" ಎಂಬ ಪ್ರಶ್ನೆ ಬರುತ್ತದೆ. "ಇನ್ನೂ ತೀರ್ಮಾನ ಮಾಡಿಲ್ಲ, ರೇಟು ನೋಡಿ ಹೇಳ್ತೀನಿ" ಅನ್ನಿ. ಅದು ಸತ್ಯವೂ ಹೌದು. ಲೋನ್ ತಮ್ಮಲ್ಲೇ ಬರಬಹುದು ಎಂಬ ಆಸೆ ಇರುವವರೆಗೆ ಡಿಸ್ಕೌಂಟಿನಲ್ಲಿ ಅವರು ಇನ್ನಷ್ಟು ಇಳಿಯುತ್ತಾರೆ. ಬೆಲೆ ಕಾಗದದ ಮೇಲೆ ಬಂದ ಮೇಲೆ ಮಾತ್ರ ಫೈನಾನ್ಸ್‌ನವರ ಟೇಬಲ್‌ಗೆ ಹೋಗಿ.

ಹಂತ 4: ಲೋನನ್ನು ಅಳೆಯುವುದು ಹೇಗೆ

ಎಲ್ಲಕ್ಕಿಂತ ಜಾಸ್ತಿ ಹಣ ಹೋಗುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು, ಹೇಳಿದ ರೇಟು ಫ್ಲ್ಯಾಟ್ ಇದೆಯಾ, ರೆಡ್ಯೂಸಿಂಗ್ ಇದೆಯಾ ಅಂತ ಕೇಳಿ. ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಫ್ಲ್ಯಾಟ್ ಅಂದರೆ ಅಸಲು ಎಷ್ಟೇ ಕಡಿಮೆಯಾಗುತ್ತಿದ್ದರೂ ಕೊನೆಯವರೆಗೂ ಪೂರ್ತಿ ಮೊತ್ತದ ಮೇಲೆ ಬಡ್ಡಿ. 8 ಲಕ್ಷ ಸಾಲ, ಐದು ವರ್ಷ ಅಂದುಕೊಳ್ಳಿ. ನಿಮ್ಮ ಬ್ಯಾಂಕ್ ಶೇ 9 ರೆಡ್ಯೂಸಿಂಗ್ ಅಂದಿದೆ. ಇಎಂಐ 16,607 ಬರುತ್ತದೆ, ಒಟ್ಟು ಬಡ್ಡಿ ಸುಮಾರು 1,96,400. ಶೋರೂಮ್‌ನವರು "ಶೇ 5.5 ಮಾತ್ರ ಸರ್, ಫ್ಲ್ಯಾಟ್" ಅಂದರು. ಕೇಳಲು ತುಂಬಾ ಕಡಿಮೆ ಅಲ್ವಾ? ಲೆಕ್ಕ ಹಾಕಿದರೆ ಬಡ್ಡಿ 2,20,000, ಇಎಂಐ 17,000. ಅದು ಹೆಚ್ಚುಕಡಿಮೆ ಶೇ 10ರ ರೆಡ್ಯೂಸಿಂಗ್ ರೇಟಿಗೆ ಸಮ. 5.5 ಅನ್ನುವ ಸಾಲವೇ 9 ಅನ್ನುವ ಸಾಲಕ್ಕಿಂತ 23 ಸಾವಿರಕ್ಕೂ ಮೇಲೆ ದುಬಾರಿ.

ಇಂಥ ಗೊಂದಲ ಬೇಡ ಅಂತಲೇ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ನಿಯಮ ತಂದಿದೆ. 2024ರ ಅಕ್ಟೋಬರ್ 1ರಿಂದ ಎಲ್ಲ ರಿಟೇಲ್ ಸಾಲಗಳಿಗೂ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಕೆಎಫ್‌ಎಸ್ ಎಂಬ ಪತ್ರ ಕೊಡಲೇಬೇಕು. ಸಾಲದ ಮುಖ್ಯ ವಿವರಗಳೆಲ್ಲ ಅದರಲ್ಲಿ ಒಂದೇ ಕಡೆ ಇರುತ್ತವೆ: ಬಡ್ಡಿ, ಪ್ರೊಸೆಸಿಂಗ್ ಫೀ, ಉಳಿದ ಖರ್ಚುಗಳು, ಕಂತಿನ ಪಟ್ಟಿ. ಇವೆಲ್ಲವನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂಬ ಒಂದೇ ಸಂಖ್ಯೆಯೂ ಇರುತ್ತದೆ. ಅದರ ಹೆಸರು ಎಪಿಆರ್. ಎರಡು ಸಾಲ ಹೋಲಿಸುವಾಗ ಅವಧಿ ಒಂದೇ ಇಟ್ಟು ಎಪಿಆರ್ ನೋಡಿ, ಬಾಯಲ್ಲಿ ಹೇಳಿದ ರೇಟು ಬಿಡಿ. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಆದ್ದರಿಂದ ಕನ್ನಡದಲ್ಲಿ ಕೊಡಿ ಅಂತ ಧಾರಾಳವಾಗಿ ಕೇಳಿ. ಇನ್ನೊಂದು ಮಾತು: ಆ ಪತ್ರದಲ್ಲಿ ಇರುವ ಷರತ್ತುಗಳಿಗೆ ಕನಿಷ್ಠ ಮೂರು ಕೆಲಸದ ದಿನ ಮಾನ್ಯತೆ ಇರಬೇಕು. "ಈ ರೇಟು ಇವತ್ತು ಸಂಜೆವರೆಗೆ ಮಾತ್ರ" ಎಂಬ ಒತ್ತಡಕ್ಕೆ ಬಗ್ಗಬೇಕಿಲ್ಲ. ಕೆಎಫ್‌ಎಸ್ ಮನೆಗೆ ತೆಗೆದುಕೊಂಡು ಹೋಗಿ, ರಾತ್ರಿ ಕುಳಿತು ಓದಿ.

ಇನ್ನು ಅವಧಿ. ಅದೇ 8 ಲಕ್ಷವನ್ನು ಏಳು ವರ್ಷಕ್ಕೆ ಹಾಕಿದರೆ ಇಎಂಐ 12,871ಕ್ಕೆ ಇಳಿಯುತ್ತದೆ. ನೋಡಲು ಹಗುರ. ಒಟ್ಟು ಬಡ್ಡಿ ಮಾತ್ರ 2,81,000 ದಾಟುತ್ತದೆ. ಅಂದರೆ ಐದು ವರ್ಷದ ಸಾಲಕ್ಕಿಂತ ಸುಮಾರು 85 ಸಾವಿರ ಜಾಸ್ತಿ. ಏಳು ವರ್ಷ ಬೇಕಾಗುತ್ತಿದೆ ಅಂದರೆ ಕಾರು ಸ್ವಲ್ಪ ದೊಡ್ಡದಾಯಿತು ಅಂತ ಅರ್ಥ. ಐದು ವರ್ಷಕ್ಕೆ ಹೊಂದದಿದ್ದರೆ ಕೆಳಗಿನ ವೇರಿಯೆಂಟ್ ನೋಡುವುದೇ ವಾಸಿ.

"ಆನ್ ರೋಡ್ ಬೆಲೆಗೆ ನೂರಕ್ಕೆ ನೂರು ಫೈನಾನ್ಸ್" ಎಂಬ ಬೋರ್ಡ್ ಕಂಡರೆ ಇನ್ನೂ ಹುಷಾರು. ಎಕ್ಸ್ ಶೋರೂಮ್ 9.5 ಲಕ್ಷದ ಕಾರು ಆನ್ ರೋಡ್ ಸುಮಾರು 11.4 ಲಕ್ಷ ಆಯಿತು, ಅಷ್ಟನ್ನೂ ಶೇ 9ಕ್ಕೆ ಏಳು ವರ್ಷ ಸಾಲ ಮಾಡಿದಿರಿ ಅಂದುಕೊಳ್ಳಿ. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೂ ಸುಮಾರು 8.8 ಲಕ್ಷ ಬಾಕಿ ಇರುತ್ತದೆ. ಎರಡು ವರ್ಷ ದಾಟಿದ ಕಾರಿಗೆ ಇನ್ಶೂರೆನ್ಸ್ ಲೆಕ್ಕದಲ್ಲಿ ಶೇ 30 ಸವಕಳಿ. ಅಂದರೆ ಕಾರಿನ ಐಡಿವಿ (ಕಾರು ಪೂರ್ತಿ ಹೋದರೆ ವಿಮೆ ಕಂಪನಿ ಕೊಡುವ ಗರಿಷ್ಠ ಮೊತ್ತ) 6.65 ಲಕ್ಷ. ಅಷ್ಟರಲ್ಲಿ ಕಾರು ಕಳುವಾದರೆ ಇನ್ಶೂರೆನ್ಸ್ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಉಳಿದ ಎರಡು ಲಕ್ಷಕ್ಕೂ ಮೇಲಿನ ಬಾಕಿಯನ್ನು ಕಾರಿಲ್ಲದೆ ಕಟ್ಟಬೇಕು. ತೆರಿಗೆ, ಇನ್ಶೂರೆನ್ಸ್ ಮತ್ತು ಕಾರಿನ ಬೆಲೆಯ ಒಂದು ಪಾಲನ್ನು ಕೈಯಿಂದ ಹಾಕಿದರೆ ಈ ಕಷ್ಟ ಬರುವುದಿಲ್ಲ. ಈ ಕಾರಿಗೇ 3.4 ಲಕ್ಷ ಡೌನ್ ಪೇಮೆಂಟ್ ಕಟ್ಟಿದರೆ ಸಾಲ 8 ಲಕ್ಷಕ್ಕೆ ನಿಲ್ಲುತ್ತದೆ.

ಕೆಲವೊಮ್ಮೆ ಕಂಪನಿಯ ಸ್ಕೀಮ್ ಇರುತ್ತದೆ: ಕಡಿಮೆ ಬಡ್ಡಿ ಬೇಕಾ, ಕ್ಯಾಶ್ ಡಿಸ್ಕೌಂಟ್ ಬೇಕಾ, ಎರಡರಲ್ಲಿ ಒಂದು. ಶೇ 9ರ ಬದಲು ಶೇ 8 ಅಂದರೆ 8 ಲಕ್ಷಕ್ಕೆ ಐದು ವರ್ಷದಲ್ಲಿ ಉಳಿಯುವುದು ಸುಮಾರು 23 ಸಾವಿರ. ಬಿಟ್ಟುಕೊಟ್ಟ ಡಿಸ್ಕೌಂಟ್ 40 ಸಾವಿರ ಆಗಿದ್ದರೆ ಕಡಿಮೆ ಬಡ್ಡಿಯೇ ನಷ್ಟ. ಸುಮ್ನೆ ಮೊಬೈಲ್‌ನಲ್ಲಿ ಇಎಂಐ ಕ್ಯಾಲ್ಕುಲೇಟರ್ ತೆಗೆದು ಅಲ್ಲೇ ಹಾಕಿ ನೋಡಿ.

ಅವಧಿಗೆ ಮುಂಚೆ ತೀರಿಸಿದರೆ ಎಷ್ಟು ದಂಡ ಅಂತಲೂ ಕೇಳಿ. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ ರೇಟಿನ (ಬಡ್ಡಿ ಏರಿಳಿಯುವ) ಸಾಲವನ್ನು, ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ತೆಗೆದುಕೊಂಡವರು ಮುಂಚೆ ತೀರಿಸಿದರೆ ಶುಲ್ಕ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಕಾರ್ ಲೋನ್ ಎಷ್ಟೋ ಕಡೆ ಫಿಕ್ಸೆಡ್ ರೇಟಿನಲ್ಲಿ, ಅಂದರೆ ಬದಲಾಗದ ಬಡ್ಡಿಯಲ್ಲಿ ಇರುತ್ತದೆ. ಅದಕ್ಕೆ ಈ ರಕ್ಷಣೆ ಇಲ್ಲ. ಬೋನಸ್ ಬಂದಾಗ, ಅಡಿಕೆ ಕಾಫಿ ಮಾರಿದಾಗ ಒಂದಿಷ್ಟು ಕಟ್ಟಿಬಿಡೋಣ ಅನ್ನುವವರು ಪಾರ್ಟ್ ಪೇಮೆಂಟ್ ನಿಯಮವನ್ನು ಕೆಎಫ್‌ಎಸ್‌ನಲ್ಲಿ ಹುಡುಕಿ ಓದಲೇಬೇಕು.

ಕೊನೆಯದಾಗಿ, ನಿಮ್ಮ ಕಾಗದಗಳನ್ನು ಯಾವ ಬ್ಯಾಂಕಿಗೆ ಕಳಿಸಬೇಕು ಎಂದು ನೀವೇ ಹೇಳಿ. ಫೈನಾನ್ಸ್‌ನವರು ಒಂದೇ ಸಲ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಪ್ರತಿಯೊಬ್ಬರೂ ನಿಮ್ಮ ಸಿಬಿಲ್ ತೆಗೆಯುತ್ತಾರೆ. ಅಷ್ಟೂ ವಿಚಾರಣೆಗಳು ರಿಪೋರ್ಟಿನಲ್ಲಿ ದಾಖಲಾಗಿ ಸ್ಕೋರ್ ಇಳಿಯಬಹುದು.

ಹಂತ 5: ಇನ್ಶೂರೆನ್ಸ್ ನಿಮ್ಮ ಆಯ್ಕೆ

"ಲೋನ್ ನಮ್ಮಲ್ಲಿ ಮಾಡಿದರೆ ಇನ್ಶೂರೆನ್ಸೂ ನಮ್ಮಲ್ಲೇ" ಅನ್ನುವ ನಿಯಮ ಎಲ್ಲೂ ಇಲ್ಲ. ಡೀಲರ್ ಒತ್ತಾಯ ಮಾಡುವಂತಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದರ ದರ ಸರ್ಕಾರದ ಮಟ್ಟದಲ್ಲೇ ನಿಗದಿಯಾಗುವುದರಿಂದ ಚೌಕಾಸಿಗೆ ಜಾಗ ಇಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ವ್ಯತ್ಯಾಸ ಬರುವುದು ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ನಷ್ಟದ ವಿಮೆ) ಮತ್ತು ಆಡ್ ಆನ್‌ಗಳಲ್ಲಿ (ಹೆಚ್ಚುವರಿ ರಕ್ಷಣೆಗಳಲ್ಲಿ). ಅದೇ ಐಡಿವಿ, ಅದೇ ಆಡ್ ಆನ್ ಇಟ್ಟು ಹೊರಗೆ ಕೊಟೇಶನ್ ತೆಗೆದು ತೋರಿಸಿ. ಶೋರೂಮ್‌ನವರು ಅದಕ್ಕೆ ಹೊಂದಿಸಿಕೊಟ್ಟರೆ ಅವರಲ್ಲೇ ತೆಗೆದುಕೊಳ್ಳುವುದು ಕ್ಲೇಮ್ ಸಮಯಕ್ಕೆ ಅನುಕೂಲ.

ಝೀರೋ ಡೆಪ್ (ರಿಪೇರಿ ಕ್ಲೇಮಿನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಆಡ್ ಆನ್) ಇರಲಿ. ಸಾಲ ದೊಡ್ಡದಿದ್ದರೆ ರಿಟರ್ನ್ ಟು ಇನ್ವಾಯ್ಸ್ ಕೂಡ ಮೊದಲ ಎರಡು ಮೂರು ವರ್ಷ ಬೇಕು. ಕಾರು ಕಳುವಾದಾಗ ಐಡಿವಿಗೂ ಬಿಲ್ಲಿಗೂ ಇರುವ ಅಂತರವನ್ನು ಅದು ತುಂಬುತ್ತದೆ. ಮಾಲೀಕರ 15 ಲಕ್ಷದ ಅಪಘಾತ ವಿಮೆ ಈಗಾಗಲೇ ಇದ್ದವರು ಮತ್ತೆ ಮಾಡಿಸಬೇಕಿಲ್ಲ.

"ಲೋನ್ ಸುರಕ್ಷಾ" ಥರದ ಹೆಸರಿನ ಜೀವ ವಿಮೆ ಬೇರೆಯೇ ವಿಷಯ. ಸಾಲಗಾರ ತೀರಿಕೊಂಡರೆ ಬಾಕಿಯನ್ನು ಅದು ಕಟ್ಟುತ್ತದೆ. ಪ್ರೀಮಿಯಂ ಅನ್ನು ಎಷ್ಟೋ ಸಲ ಸಾಲದ ಮೊತ್ತಕ್ಕೇ ಸೇರಿಸಿರುತ್ತಾರೆ, ಸಹಿ ಹಾಕುವವರಿಗೆ ಗೊತ್ತೇ ಇರುವುದಿಲ್ಲ. ಅದು ಕಡ್ಡಾಯ ಅಲ್ಲ. ಮನೆಯಲ್ಲಿ ದುಡಿಯುವವರು ನೀವೊಬ್ಬರೇ, ಬೇರೆ ಟರ್ಮ್ ಪಾಲಿಸಿ ಇಲ್ಲ ಅಂದರೆ ಯೋಚಿಸಬಹುದು. ಇಲ್ಲದಿದ್ದರೆ ತೆಗೆಸಿ. ಗೊತ್ತಿಲ್ಲದೆ ತೆಗೆದುಕೊಂಡಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಲು ಅವಕಾಶ ಇದೆ.

ಹಂತ 6: ಸಹಿ

ಸಹಿಯನ್ನು ಡೆಲಿವರಿ ದಿನಕ್ಕೆ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಡೆಲಿವರಿಗೆ ಒಳ್ಳೆಯ ದಿನ, ರಾಹುಕಾಲ ಎಲ್ಲ ನೋಡಿರುತ್ತೇವೆ. ಆಯುಧಪೂಜೆ, ದೀಪಾವಳಿ, ಅಕ್ಷಯ ತೃತೀಯದಂದು ಶೋರೂಮ್ ತುಂಬಿ ತುಳುಕುತ್ತದೆ. ಮನೆಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು, ನಿಂಬೆಹಣ್ಣು ಹಿಡಿದು ಕಾಯುತ್ತಿರುವಾಗ ನಲವತ್ತು ಪುಟದ ಕರಾರು ಯಾರು ಓದುತ್ತಾರೆ? ಕಾಗದದ ಕೆಲಸವನ್ನು ಮೂರು ನಾಲ್ಕು ದಿನ ಮೊದಲೇ ಮುಗಿಸಿ.

ಖಾಲಿ ಜಾಗ ಇರುವ ಯಾವ ಕಾಗದಕ್ಕೂ ಸಹಿ ಬೇಡ. ತುಂಬಿಸಿಕೊಡಿ ಅನ್ನಿ, ಇಲ್ಲವೇ ಗೆರೆ ಎಳೆಸಿ. ಹೊಸ ಕಾರಿನ ನೋಂದಣಿಗೆ ಬೇಕಾದ ಅರ್ಜಿ ಫಾರ್ಮ್ 20. ಫಾರ್ಮ್ 29 ಮತ್ತು 30 ಮಾಲೀಕತ್ವ ವರ್ಗಾವಣೆಯ ಅರ್ಜಿಗಳು. ಅವಕ್ಕೆ ಖಾಲಿ ಸಹಿ ಕೇಳಿದರೆ ಯಾಕೆ ಅಂತ ಬರೆದು ಕೇಳಿ. ಕಂತು ಕಡಿತದ ಮ್ಯಾಂಡೇಟ್‌ನಲ್ಲಿ ಮೊತ್ತ, ದಿನಾಂಕ ಸರಿ ಇದೆಯೇ ನೋಡಿ. ಸಂಬಳ ಒಂದನೇ ತಾರೀಖು ಬಂದರೆ ಕಂತು ಐದಕ್ಕೋ ಏಳಕ್ಕೋ ಇರಲಿ. ಸಹಿ ಮಾಡಿದ ಎಲ್ಲದರ ಒಂದು ಪ್ರತಿ ಅದೇ ದಿನ ಇಸ್ಕೊಳ್ಳಿ.

ಹಂತ 7: ಹಣ ಬಿಡುಗಡೆಗೆ ಮುಂಚೆ ಕಾರು ನೋಡಿ

ಲೋನ್ ಹಣ ಬ್ಯಾಂಕಿನಿಂದ ನೇರವಾಗಿ ಡೀಲರ್ ಖಾತೆಗೆ ಹೋಗುತ್ತದೆ. ಹೋದ ದಿನದಿಂದಲೇ ಬಡ್ಡಿ ಶುರು. ಕಾರು ಬರಲು ಇನ್ನೂ ತಿಂಗಳಿದೆ ಅಂದರೆ ಹಣ ಈಗಲೇ ಬಿಡುಗಡೆ ಮಾಡಿಸಬೇಡಿ. ನಿಮ್ಮ ಹೆಸರಿಗೆ ಒಂದು ಚಾಸಿ ನಂಬರ್ ಹಾಕಿಕೊಡಲಿ, ಆ ಕಾರನ್ನು ಸ್ಟಾಕ್‌ಯಾರ್ಡ್‌ಗೆ ಹೋಗಿ ಹಗಲು ಬೆಳಕಿನಲ್ಲಿ ನೋಡಿ. ಬಣ್ಣ, ಗಾಜು, ಟೈರು, ಓಡೋಮೀಟರ್ ನೋಡಿ, ತಯಾರಾದ ತಿಂಗಳು ಕೇಳಿ. ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ. ಜನವರಿಯಲ್ಲಿ ಕೊಳ್ಳುವಾಗ ಹಿಂದಿನ ವರ್ಷದ ಕಾರಾದರೆ ಅದಕ್ಕೆ ತಕ್ಕ ಡಿಸ್ಕೌಂಟ್ ಸಿಗಲೇಬೇಕು. ಎಲ್ಲ ಸರಿ ಕಂಡ ಮೇಲೆ ಹಣ ಬಿಡಲು ಒಪ್ಪಿಗೆ ಕೊಡಿ.

ಡೌನ್ ಪೇಮೆಂಟ್ ಆನ್‌ಲೈನ್‌ನಲ್ಲೋ ಚೆಕ್‌ನಲ್ಲೋ ಡೀಲರ್‌ನ ಕಂಪನಿ ಖಾತೆಗೇ ಹೋಗಲಿ. ಸೇಲ್ಸ್ ಹುಡುಗನ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯೂ ಬೇಡ. ಬುಕಿಂಗ್ ರಶೀದಿಯಲ್ಲಿ, ರದ್ದು ಮಾಡಿದರೆ ಎಷ್ಟು ವಾಪಸ್ ಅಂತ ಬರೆಸಿಕೊಂಡಿರಿ.

ಹಂತ 8: ಕಂತು ಕಟ್ಟುವ ವರ್ಷಗಳು, ಮತ್ತು ಸಾಲ ಮುಗಿದ ಮೇಲೆ

ಮೊದಲ ಕಂತು ಹೋದ ಮೇಲೆ ಒಮ್ಮೆ ಲೋನ್ ಸ್ಟೇಟ್‌ಮೆಂಟ್ ತೆಗೆದು ಕೆಎಫ್‌ಎಸ್ ಪಕ್ಕ ಇಟ್ಟು ನೋಡಿ. ಒಪ್ಪದ ಶುಲ್ಕ ಕಂಡರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತಾರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ಪರಿಹಾರ ಅಧಿಕಾರಿಗೆ) ಆನ್‌ಲೈನ್‌ನಲ್ಲಿ ಹೋಗಬಹುದು, ಖರ್ಚಿಲ್ಲ. 14448ಕ್ಕೆ ಕರೆ ಮಾಡಿದರೆ ಮಾಹಿತಿ ಕೊಡುತ್ತಾರೆ. ಡೀಲರ್ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊನೆಯ ಕಂತು ಕಟ್ಟಿದ ಕೂಡಲೇ ಕಾರು ಪೂರ್ತಿ ನಿಮ್ಮದಾಯಿತು ಅಂತ ಎಷ್ಟೋ ಜನ ಸುಮ್ಮನಾಗುತ್ತಾರೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿನ ಹೈಪಾಥಿಕೇಶನ್ (ಕಾರು ಸಾಲಕ್ಕೆ ಅಡಮಾನ ಇದೆ ಎಂಬ ನಮೂದು) ಹಾಗೇ ಉಳಿದಿರುತ್ತದೆ. ಕಾರು ಮಾರಲು ಹೋದಾಗ ಅದು ಅಡ್ಡ ಬರುತ್ತದೆ. ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಹಿ ಸೀಲ್ ಇರುವ ಫಾರ್ಮ್ 35ರ ಎರಡು ಪ್ರತಿ ತೆಗೆದುಕೊಳ್ಳಿ. ಪರಿವಾಹನ್‌ನಲ್ಲಿ ಹೈಪಾಥಿಕೇಶನ್ ರದ್ದತಿಗೆ ಅರ್ಜಿ ಹಾಕಿ, ಆರ್‌ಟಿಒದಿಂದ ಹೊಸ ಆರ್‌ಸಿ ಪಡೆಯಿರಿ. ಕೆಲವು ಎನ್‌ಒಸಿಗಳಲ್ಲಿ ಎಷ್ಟು ದಿನದೊಳಗೆ ಬಳಸಬೇಕು ಅಂತ ಬರೆದಿರುತ್ತದೆ, ಅದಕ್ಕೇ ತಡ ಮಾಡಬಾರದು. ಇನ್ಶೂರೆನ್ಸ್ ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್‌ನಲ್ಲಿ ಈ ಸಾಲ "ಕ್ಲೋಸ್ಡ್" ಅಂತ ಬಂದಿದೆಯೇ ನೋಡಿ, ಬಂದಿಲ್ಲದಿದ್ದರೆ ಎನ್‌ಒಸಿ ಪ್ರತಿ ಹಚ್ಚಿ ತಿದ್ದುಪಡಿಗೆ ಅರ್ಜಿ ಹಾಕಿ.